ಅಕ್ಕಯಮ್ಮನ ಕೈಗುಣ

ದೇವನಹಳ್ಳಿ ಪಕ್ಕದ ನಮ್ಮೂರಿನಲ್ಲಿ ಯಾರೇ ಹೊಸ ಬೆಳೆ ಇಟ್ಟರೂ ಮೊದಲ ಬೀಜ ಹಾಕುವವಳು ಅಕ್ಕಯಮ್ಮ. ಹೈಬ್ರಿಡ್ ಬೀಜವೇ ಇರಲಿ, ಡ್ರಿಪ್ಪೇ ಎಳೆದಿರಲಿ, ಮೊದಲ ಕಾಳು ಆಕೆಯ ಕೈಯಿಂದಲೇ ಬೀಳಬೇಕು. ಒಣಕಡ್ಡಿ ನೆಟ್ಟರೂ ಚಿಗುರುವಂಥ ಕೈಗುಣವಂತೆ. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೂ ನಮ್ಮನೆ ಕರಿಬೇವನ್ನು ಆಕೆಯಿಂದಲೇ ನೆಡಿಸಿದ್ದೇನೆ. ಸುಮ್ಮನೆ ಯಾಕೆ ರಗಳೆ?

ಕಳೆದ ಜೂನ್‌ನಲ್ಲಿ ನನ್ನ ಮಗಳು ದಿವ್ಯ ಬೆಂಗಳೂರಿನಿಂದ ಶುಂಠಿಯಂತೆ ಕಾಣುವ ನಾಲ್ಕು ಗೆಡ್ಡೆ ತಂದು ಪಕ್ಕದ ಮನೆಯ ಅಕ್ಕಯಮ್ಮನಿಗೆ ಕೊಟ್ಟಳು. "ಸನ್‌ಚೋಕ್ ಅಂತ ಅಜ್ಜಿ, ಸೂರ್ಯಕಾಂತಿ ಜಾತಿ. ತಿನ್ನಕ್ಕೆ ಚೆನ್ನಾಗಿರುತ್ತೆ" ಎಂದಷ್ಟೇ ಹೇಳಿ ಹಾಸ್ಟೆಲ್‌ಗೆ ಓಡಿದಳು. ನನ್ನ ಮಗಳ ಮಾತು ಯಾವಾಗಲೂ ಅರ್ಧವೇ.

ಅಕ್ಕಯಮ್ಮ ಬಚ್ಚಲ ನೀರು ಹರಿಯುವ ಕಡೆ ನೆಟ್ಟಳು. ಗಿಡ ಶೀಟಿನ ಮಾಡನ್ನೂ ಮೀರಿ ಬೆಳೆದು ಹಳದಿ ಹೂ ಬಿಟ್ಟಿತು. ದಾರಿಹೋಕರೆಲ್ಲ ನಿಂತು ಫೋಟೋ ಹಿಡಿಯತೊಡಗಿದಾಗ ಆಕೆ ದೃಷ್ಟಿಗೆಂದು ಹಳೇ ಚಪ್ಪಲಿ ಕಟ್ಟಿದಳು. ಸೂರ್ಯಕಾಂತಿ ಜಾತಿಯೆಂದ ಮೇಲೆ ತಿನ್ನುವುದು ಬೀಜವೇ ಅಂತ ಇಬ್ಬರೂ ಕಾದೆವು.

ಡಿಸೆಂಬರ್ ಹೊತ್ತಿಗೆ ಎಲೆಯೆಲ್ಲ ಒಣಗಿತು. ಹೂ ಕಿತ್ತು ಮೊರದಲ್ಲಿ ಉಜ್ಜಿದರೆ ಬರೀ ಹೊಟ್ಟು. ಎರಡು ಹೊತ್ತು ನೀರು ಹೊಯ್ದರೂ ಕಾಂಡ ಕಪ್ಪಾಯಿತು.

"ನನ್ನ ಕೈ ಕೆಟ್ಟೋಯ್ತು ಕಣಮ್ಮ" ಎಂದಳು.

ನಾನು ನಕ್ಕುಬಿಟ್ಟೆ. ಆಕೆಯ ಮುಖ ನೋಡಿದ ಮೇಲೆ ಯಾಕಾದರೂ ನಕ್ಕೆನೋ ಅನ್ನಿಸಿತು.

"ಮಗೀಗೆ ಹೇಳ್ಬ್ಯಾಡ. ಪಾಪ, ಆಸೆಯಿಂದ ತಂದ್ಕೊಟ್ಟಿದ್ಲು."

ಮಾರನೇ ದಿನ ಬೆಳಿಗ್ಗೆಯೇ ಕೆರೆ ಕೆಳಗಿನ ಪಿಳ್ಳಪ್ಪ ಬಂದ. "ಅಕ್ಕಾ, ನಾಳೆ ಹುರುಳೀಕಾಯಿ ಹಾಕ್ತೀನಿ. ಬಂದ್ಬಿಡು."

"ಬ್ಯಾಡ ಕಣಪ್ಪ. ನನ್ನ ಕೈಯಲ್ಲಿ ಏನೂ ಉಳಿದಿಲ್ಲ. ನಿನ್ನ ಬೆಳೆ ಯಾಕೆ ಹಾಳಾಗ್ಬೇಕು? ಬೇರೆಯೋರ್ನ ಕರ್ಕೊ."

ಅವನು ತಲೆ ಕೆರೆದುಕೊಂಡು ಹೋದ. ಅಕ್ಕಯಮ್ಮ ಹೀಗೆ ಯಾರನ್ನೂ ವಾಪಸ್ ಕಳಿಸಿದ್ದಿಲ್ಲ. ಆಮೇಲೆ ನಾಲ್ಕು ದಿನ ಜಗಲಿಗೂ ಬರಲಿಲ್ಲ.

ಐದನೇ ದಿನ ಆ ಒಣ ಕಾಂಡಗಳನ್ನು ಹಂಡೆ ಒಲೆಗಾದರೂ ಹಾಕೋಣವೆಂದು ಕೀಳಲು ಹೋದಳು. ಜಪ್ಪಯ್ಯ ಅಂದರೂ ಬರಲಿಲ್ಲ. ನನ್ನನ್ನು ಕರೆದಳು. ಇಬ್ಬರೂ ಸೇರಿ ಎಳೆದ ರಭಸಕ್ಕೆ ನಾನು ಕೆಸರಿನಲ್ಲಿ ಕುಕ್ಕರಿಸಿದೆ. ಮಣ್ಣಿನ ಸಮೇತ ಮಂಕರಿ ತುಂಬುವಷ್ಟು ಗೆಡ್ಡೆ ಎದ್ದುಬಂತು.

"ಸತ್ತಿಲ್ಲ ಕಣಮ್ಮ! ಎಲ್ಲಾ ಒಳಗೇ ಐತೆ!" ಎನ್ನುತ್ತಾ ಅಕ್ಕಯಮ್ಮ ಅತ್ತಳು, ನಕ್ಕಳು, ಮತ್ತೆ ಅತ್ತಳು.

ನಾನು ದಿವ್ಯಳಿಗೆ ಫೋನ್ ಮಾಡಿದೆ.

"ಅಮ್ಮಾ, ತಿನ್ನೋದೇ ಗೆಡ್ಡೆನ! ನಾನು ಹೇಳ್ಲಿಲ್ವಾ?"

ಅವಳಿಗೆ ನಾನು ಬೈದ ಬೈಗುಳ ಇಲ್ಲಿ ಬೇಡ.

ಅಷ್ಟರಲ್ಲಿ ಅಕ್ಕಯಮ್ಮನ ಮುಖ ಮತ್ತೆ ಬಾಡಿತು. "ಪಿಳ್ಳಪ್ಪ ಯಾರ ಕೈಲಿ ಹಾಕಿಸ್ದ್ನೋ?" ಎಂದವಳೇ ಕೈ ಕೂಡ ತೊಳೆಯದೆ ಕೆರೆ ಕಡೆ ನಡೆದಳು. ಅರವತ್ತಾರರ ಆ ಹೆಂಗಸಿನ ಹಿಂದೆ ನಾನು ಓಡಬೇಕಾಯಿತು.

ಹೊಲದಲ್ಲಿ ಬದು ಏರಿಸಿ, ಪೈಪು ಎಳೆದು, ಎಲ್ಲ ತಯಾರಾಗಿತ್ತು. ಬೀಜದ ಚೀಲ ಮಾತ್ರ ಹೊಂಗೆ ಮರದ ಬುಡದಲ್ಲಿ ಕಟ್ಟಿದ ಹಾಗೇ ಇತ್ತು. ಪಿಳ್ಳಪ್ಪ ಎದ್ದು ನಿಂತ.

"ಇನ್ನೂ ಹಾಕಿಲ್ವೇನಪ್ಪ?"

"ನೀನು ಬರ್ದೆ ಹೆಂಗಕ್ಕ ಹಾಕ್ಲಿ?" ಎಂದು ಅವನು ಚೀಲದ ಬಾಯಿ ಬಿಚ್ಚಿದ.