ಮಳಿಗೆ ಲಿಲಾವಿನ ದಿನ

ಕೊರೊನಾ ಕಳೆದ ಮೇಲಿನ ಎರಡನೇ ಬೇಸಿಗೆ. ಬೈಲಹೊಂಗಲ–ಸವದತ್ತಿ ಸೀಮೆಯ ಒಂದು ಪುರಸಭೆಗೆ ಮುಖ್ಯಾಧಿಕಾರಿಯಾಗಿ ನನಗೆ ವರ್ಗವಾಗಿತ್ತು. ಊರಿನ ಹೆಸರು ಬೇಡ, ಅಲ್ಲಿಯ ಚಹಾದ ಋಣ ಇನ್ನೂ ಇದೆ.

ನಾನು ಅಲ್ಲಿಗೆ ಹೋದ ವಾರದಲ್ಲೇ ಆಫೀಸಿನ ಬಾಗಿಲಿಗೆ ಯಲ್ಲವ್ವ ಬಂದು ನಿಂತಳು. ಕಸದ ಗಾಡಿಯ ಗುತ್ತಿಗೆ ಕೆಲಸಗಾರ್ತಿ. ಅವಳಿಗೂ ಅವಳ ಜೊತೆಯವರಿಗೂ ಎರಡು ತಿಂಗಳ ಪಗಾರ ಆಗಿರಲಿಲ್ಲ. ಸರಕಾರದ ಅನುದಾನ ಬ್ಯಾಂಕಿನಲ್ಲಿತ್ತು, ಆದರೆ ಗಟಾರಕ್ಕೆಂದು ಬಂದ ಹಣ ಗಟಾರಕ್ಕೇ ಹೋಗಬೇಕು. ಇವರ ಪಗಾರ ಪುರಸಭೆಯ ಸ್ವಂತ ವರಮಾನದಿಂದ, ಅಂದರೆ ಮನೆ ಕರ, ನೀರಿನ ಕರ, ಮಳಿಗೆ ಬಾಡಿಗೆಯಿಂದ ಆಗಬೇಕು. ಆ ಗಂಟು ಖಾಲಿಯಾಗಿತ್ತು. ಸಂತೆ ರಸ್ತೆಯ ಮಳಿಗೆಗಳ ಬಾಡಿಗೆಯಂತೂ ಆಫೀಸಿನ ಚಹಾ-ಚುರುಮುರಿಗೇ ಸರಿಹೋಗುತ್ತಿತ್ತು.

ಅದೃಷ್ಟಕ್ಕೆ ಮಳಿಗೆಗಳ ಕರಾರು ಮುಗಿದಿತ್ತು. ಲಿಲಾವು, ಅಂದರೆ ಬಾಡಿಗೆಯ ಹರಾಜು, ಕರೆದೆ. ಜನ ಸೇರಲಿ ಎಂದು ಸಂತೆಯ ದಿನವನ್ನೇ ಗೊತ್ತುಮಾಡಿದೆ. ಜನ ಸೇರಿದರು, ಸಭಾಂಗಣ ಕಿಕ್ಕಿರಿಯಿತು. ನಾನು ಒಳಗೊಳಗೇ ಬೀಗಿದೆ.

ಮೊದಲ ಮಳಿಗೆ ದರ್ಜಿ ಮಕ್ತುಮಸಾಬರದು. ಸರಕಾರಿ ಸವಾಲು, ಅಂದರೆ ನಾವು ನಿಗದಿ ಮಾಡಿದ ಕನಿಷ್ಠ ಬಾಡಿಗೆ, ಕೂಗಿಸಿದೆ. ಸಾಬರು ಅದಕ್ಕೆ ಒಪ್ಪಿ ಕೈ ಎತ್ತಿದರು. ಅದರ ಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ಮತ್ತೆ ಕೂಗಿಸಿದೆ. ಮುಂದಿನ ಸಾಲಿನ ಹಿರಿಯರೊಬ್ಬರು ನಕ್ಕು ಹೇಳಿದರು:

"ಸಾಹೇಬ್ರ, ಗಂಟಲಾ ಯಾಕ ಹರಕೊಳ್ಳಾಕ ಹತ್ತೀರಿ? ಕುಂತಾವನ್ನ ಎಬ್ಬಿಸೂ ಪದ್ಧತಿ ನಮ್ಮೂರಾಗ ಇಲ್ರಿ."

ಅವರೆಲ್ಲ ಲಿಲಾವು ನೋಡಲು ಬಂದವರು, ಕೂಗಲು ಬಂದವರಲ್ಲ! ನನಗೆ ಮೈ ಉರಿಯಿತು. ಸಿಟ್ಟು ಮಾಡುವುದಾದರೂ ಯಾರ ಮೇಲೆ? ನೆರೆಯವನ ಅನ್ನಕ್ಕೆ ಕೈ ಹಾಕದ ಜನರ ಮೇಲೆಯೇ? ಆದರೆ ಕನಿಷ್ಠ ಬಾಡಿಗೆಯಲ್ಲಿ ಎಲ್ಲ ಮಳಿಗೆ ಹೋದರೆ ಪಗಾರ ಹುಟ್ಟುವುದಿಲ್ಲ.

ಸಭಾಂಗಣದ ಬಾಗಿಲಲ್ಲಿ ನಿಂತಿದ್ದ ಯಲ್ಲವ್ವನಿಗೆ ಅದು ಅರ್ಥವಾಗಿತ್ತು.

"ಹಂಗಾರ ನಮ್ಮ ಪಗಾರ, ಸಾಹೇಬ್ರ?"

ಸಾಬರು ಹಿಂತಿರುಗಿ ನೋಡಿದರು. ದಿನಾ ಮುಂಜಾನೆ ಅವರ ಅಂಗಡಿಯ ಚಿಂದಿ ಬಳಿದೊಯ್ಯುವವಳು ಅವಳೇ.

"ನಿನ್ನ ಪಗಾರ ಬೆಂಗಳೂರಿಂದ ಬರತೈತಲ್ಲ, ಯಲ್ಲವ್ವಾ?"

"ಎಲ್ಲಿ ಬೆಂಗಳೂರು, ಸಾಬಣ್ಣಾ? ನಿಮ್ಮ ಬಾಡಗ್ಯಾಗನ ಬರಬೇಕಂತ."

ಸಾಬರು ನನ್ನ ಮುಖ ನೋಡಿದರು. ಹೌದೆಂದು ತಲೆಯಾಡಿಸಿದೆ. ಅವರು ಗಡ್ಡ ಸವರಿಕೊಂಡು ಎದ್ದು ನಿಂತರು.

"ನನ್ನ ಸವಾಲಿನ ಮ್ಯಾಲ ನಾನ ಕೂಗಿದ್ರ ನಡೀತದೇನ್ರಿ?"

ಕಾನೂನಿನಲ್ಲಿ ಕೂಡದೆಂದು ಎಲ್ಲಿಯೂ ಓದಿದ ನೆನಪಿರಲಿಲ್ಲ. "ಕೂಗ್ರಿ" ಎಂದೆ. ಅವರು ತಮ್ಮ ಸವಾಲಿನ ಮೇಲೆ ತಾವೇ ಎರಡು ಸಲ ಬಾಡಿಗೆ ಏರಿಸಿದರು. ಸಭೆ ಮೊದಲು ನಕ್ಕಿತು. ಎರಡನೇ ಮಳಿಗೆಯ ಪಾತ್ರೆ ಅಂಗಡಿಯವನೂ ಹಾಗೆಯೇ ಕೂಗಿದ. ಉಳಿದವರಲ್ಲಿ ಒಬ್ಬಿಬ್ಬರು ಗೊಣಗಿದರು, ಆದರೂ ಕೂಗಿದರು. ಮುಂಗಡ ಬಾಡಿಗೆ ಜಮೆಯಾದ ವಾರದಲ್ಲೇ ಪಗಾರ ಕೊಟ್ಟೆವು.

ಜನ ತೆರಿಗೆ ಕೊಡುವುದಿಲ್ಲ ಎಂದು ಅಧಿಕಾರಿಗಳು ಬೈಯುವಾಗ ನಾನು ಕೇಳುವುದು ಒಂದೇ: ಅದು ಯಾರ ಕೈ ಸೇರುತ್ತದೆಂದು ಅವರಿಗೆ ತೋರಿಸಿದ್ದೀರಾ? ನಾವೂ ತೋರಿಸಿರಲಿಲ್ಲ. ಯಲ್ಲವ್ವ ತಾನೇ ಬಂದು ನಿಲ್ಲಬೇಕಾಯಿತು.

ಪಗಾರದ ಮರುದಿನ ಸಾಬರ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಯಲ್ಲವ್ವ ಹೊಸ ಕುಬಸ ಹೊಲಿಸಿಕೊಂಡು ದುಡ್ಡು ಚಾಚಿದ್ದಳು, ಸಾಬರು ಬೇಡವೆನ್ನುತ್ತಿದ್ದರು.

"ತಗೋರಿ ಸಾಬಣ್ಣಾ, ಬಿಡಬ್ಯಾಡ್ರಿ," ಅಂದಳು. "ನೀವು ಬಾಡಗಿ ತುಂಬಿದ್ರನ ನನಗ ಮುಂದಿನ ಪಗಾರ."