ವಾಶಿಯಲ್ಲಿ ನಾನು ಕೊಡದ ಅರ್ಜಿ

ಸುಮತಿ, ನಿಮ್ಮ ಅರ್ಜಿಯನ್ನು ನಾನು ಕೊಡಲೇ ಇಲ್ಲ. ಕೊಟ್ಟೆ, ಸಮಿತಿಯವರು ಒಪ್ಪಲಿಲ್ಲ ಎಂದು ಹೇಳಿದ್ದು ಸುಳ್ಳು — ಎಂಟು ವರ್ಷ ಹೊತ್ತು ತಿರುಗಿದ ಸುಳ್ಳು.

ವಿಶ್ವವಿದ್ಯಾಲಯದವರು ಆಗ ಎಲ್ಲ ಪದವಿಗಳಿಗೂ ಸಾಮಾನ್ಯವಾದ ಪಠ್ಯಕ್ರಮವನ್ನು ಬದಲಿಸುತ್ತಿದ್ದರು. ವಿಜ್ಞಾನದವನೂ ಕಾಮರ್ಸಿನವಳೂ ಒಂದು ಭಾಷೆ ಕಲಿಯಬೇಕು. ಯಾವ ಯಾವ ಭಾಷೆ ಇರಬೇಕೆಂದು ಸಮಿತಿ ನಿರ್ಧರಿಸಬೇಕು. ಡೊಂಬಿವಲಿಯ ನಮ್ಮ ಕಾಲೇಜಿನಿಂದ ಹೋಗುತ್ತಿದ್ದವನು ನಾನು, ಕನ್ನಡದ ಮೇಷ್ಟ್ರು. ಮನೆಯಲ್ಲಿ ಕನ್ನಡ ಕೇಳಿ ಬೆಳೆದರೂ ಓದಲು ಬಾರದ ಮಕ್ಕಳಿಗೆ ಅಕ್ಷರದಿಂದ ಶುರುವಾಗುವ ಒಂದು ಪೇಪರ್ ಇರಲಿ ಎಂಬುದು ನಿಮ್ಮ ಆಸೆ. ಅದಿದ್ದರೆ ನಮ್ಮ ಕಾಲೇಜಿನಲ್ಲಿ ಪಾಠ ಹೇಳುವ ನಿಮ್ಮ ತಾತ್ಕಾಲಿಕ ಕೆಲಸವೂ ಉಳಿಯುತ್ತಿತ್ತು. ದಿವಾ, ಕಲ್ಯಾಣದಿಂದ ಬರುವ ಹುಡುಗ ಹುಡುಗಿಯರ ಬೆನ್ನು ಬಿದ್ದು ನೀವು ಸಹಿ ಹಾಕಿಸಿದಿರಿ.

"ನೀವೇ ಕೊಡಿ ಮಾರಾಯ್ರೆ, ಅಲ್ಲಿ ನನ್ನ ಮಾತು ಯಾರು ಕೇಳ್ತಾರೆ?" ಎಂದಿರಿ.

ಸಮಿತಿಯ ಸಭೆಗೆಂದು ಠಾಣೆ ಸ್ಟೇಷನ್ನಿನಲ್ಲಿ ವಾಶಿಯ ಟ್ರೇನ್ ಹಿಡಿದು, ಕೂರಲು ಜಾಗ ಸಿಕ್ಕಿತೆಂದು ಹಾಳೆಗಳನ್ನು ಬಿಡಿಸಿದೆ. ಶೆಟ್ಟಿ, ಪೂಜಾರಿ, ಆಚಾರ್ಯ — ಎಲ್ಲ ಸಹಿಗಳೂ ಮರಾಠಿಯಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಒಂದೂ ಇಲ್ಲ. ನನಗೆ ನಾಚಿಕೆಯಾಯಿತು. ಇವರಿಗೆ ಸ್ವಂತ ಹೆಸರೇ ಬರೆಯಲು ಬರುವುದಿಲ್ಲವಲ್ಲ, ಸಭೆಯಲ್ಲಿ ಎಲ್ಲರೂ ನಗುತ್ತಾರಲ್ಲ ಎಂದುಕೊಂಡೆ. ರಾಜ್ಯೋತ್ಸವದಲ್ಲಿ ಶಾಲು ಹೊದಿಸಿಕೊಂಡು ಗಂಟಲು ಹರಿಯುವಂತೆ ಭಾಷಣ ಬಿಗಿಯುತ್ತಿದ್ದವನು ನಾನೇ.

"ಕನ್ನಡಾಲಾ ಡಿಮಾಂಡ್ ಆಹೇ ಕಾ, ಸರ್?" ಕನ್ನಡಕ್ಕೆ ಬೇಡಿಕೆ ಇದೆಯೇ ಎಂದು ಸಮಿತಿಯ ಅಧ್ಯಕ್ಷರು ಮರ್ಯಾದೆಯಿಂದಲೇ ಕೇಳಿದರು.

ನನ್ನ ಕೈ ಅರ್ಜಿಯಿದ್ದ ಚೀಲದ ಮೇಲಿತ್ತು. ತೆಗೆಯಬೇಕು, ತೆಗೆಯಬೇಕು ಅನ್ನುತ್ತಲೇ —

"ಖಾಸ್ ಕಾಹೀ ನಾಹೀ," ಎಂದೆ. ಅಂಥ ಬೇಡಿಕೆಯೇನೂ ಇಲ್ಲ. ಅವರು ಮುಂದಿನ ಭಾಷೆಗೆ ಹೋದರು, ಚಹಾ ಬಂತು.

ಬರೆಯಲು ಬಾರದ್ದಕ್ಕೇ ಆ ಮಕ್ಕಳು ಕಲಿಸಿ ಎಂದು ಕೇಳಿದ್ದರು. ಇಷ್ಟು ಸರಳವಾದದ್ದು ನನಗೆ ಹೊಳೆದದ್ದು ವಾಪಸು ಬರುವಾಗ. ಮರುದಿನ ಅಧ್ಯಕ್ಷರಿಗೆ ಪತ್ರ ಬರೆಯಲು ಕೂತೆ. ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದರೆ — ಅಲ್ಲಿಗೆ ಪೆನ್ನು ನಿಂತಿತು. ಜೂನಿನಲ್ಲಿ ಕಾಲೇಜು ನಿಮ್ಮನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ.

ಕಳೆದ ವಾರ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿದಿರಿ. ಖಾರಘರದ ಯಾವುದೋ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸವಂತೆ.

"ನೀವೊಬ್ರಾದ್ರೂ ನಮ್ಮ ಪರವಾಗಿ ಮಾತಾಡಿದ್ರಲ್ಲ ಸರ್, ಅಷ್ಟು ಸಾಕು," ಎಂದಿರಿ.

ನಾನು ತಲೆಯಾಡಿಸಿದೆ. ನಿಮ್ಮ ಟ್ರೇನ್ ಬಂತು.

ಆ ಹಾಳೆಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಈಗ ಅವುಗಳನ್ನು ಯಾರಿಗೂ ಕೊಡುವಂತಿಲ್ಲ. ನೀವು ಪ್ಲಾಟ್‌ಫಾರ್ಮಿನಲ್ಲಿ ಆಡಿದ ಮಾತನ್ನೂ ಹಿಂದಿರುಗಿಸುತ್ತಿದ್ದೇನೆ, ಸುಮತಿ. ಅದು ನನಗೆ ಸಲ್ಲಬೇಕಾದದ್ದಲ್ಲ.