ಇಸ್ತ್ರಿ ಮೇಜಿನ ಬಟ್ಟೆ

ನಮ್ಮ ಅತ್ತಿಗೆ ದರ್ಜಿ. ಬಟ್ಟೆಯ ಕತ್ತರಿ ಅವರ ಕೈಯಲ್ಲಿ, ಮಾತಿನ ಕತ್ತರಿ ಈ ತಂಗಿಯ ಬಾಯಲ್ಲಿ ಎಂದು ಅಣ್ಣ ಹಾಸ್ಯ ಮಾಡುತ್ತಾನೆ. ಅಂಗಡಿಯಲ್ಲಿ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು ನನ್ನ ಪಾಲು.

ಕೂಗಾಡುತ್ತಾ ಬರುವ ಗಿರಾಕಿಗಳನ್ನು ಅತ್ತಿಗೆ ಸಂಭಾಳಿಸುವ ರೀತಿಯೇ ಬೇರೆ. ವಾದಕ್ಕಿಳಿಯುವುದಿಲ್ಲ, ಅಳತೆ ಬರೆದ ಪುಸ್ತಕ ತೆಗೆದು ತೋರಿಸುವುದಿಲ್ಲ. ಕೊರಳಿನ ಟೇಪು ತೆಗೆದಿಟ್ಟು, ಸ್ಟೂಲಿನ ಮೇಲೆ ಕೂತು, "ಎಲ್ಲಿ ಹಿಡೀತಿದೆ, ಕೈಯಿಟ್ಟು ತೋರಿಸಿ" ಅನ್ನುತ್ತಾರೆ. ಕೆಂಡವಾಗಿ ಬಂದವರು ತಣ್ಣಗಾಗಿ ಕಂಕುಳನ್ನೋ ಸೊಂಟವನ್ನೋ ತೋರಿಸುತ್ತಾರೆ. ಬೈಯಲು ಬಂದವರು ಇನ್ನೊಂದು ಜೊತೆ ಹೊಲಿಯಲು ಕೊಟ್ಟು ಹೋದದ್ದೂ ಉಂಟು.

ಆದರೆ ದೀಪದ ಬುಡದಲ್ಲೇ ಕತ್ತಲೆ. ಸ್ವಂತ ಮಗಳ ಮುಂದೆ ಈ ಜಾಣತನ ಅವರಿಗೆ ಹೊಳೆಯಲಿಲ್ಲ. ಅವಳಿಗೆ ಏಳು ವರ್ಷ. ಚಿಕ್ಕವಳಿದ್ದಾಗ ಕೋಟಿನ ಗುಂಡಿ ನುಂಗಿ ನಮ್ಮ ಜೀವ ತಿಂದಿದ್ದರಿಂದ ಎಲ್ಲರ ಬಾಯಲ್ಲೂ ಅವಳು 'ಗುಂಡಿ'. ಮೂರು ವಾರದಿಂದ, ಶಾಲೆ ಬಿಟ್ಟು ಅಂಗಡಿಗೆ ಬಂದವಳು ಇಸ್ತ್ರಿ ಪೆಟ್ಟಿಗೆ ಕಾಯುತ್ತಿದ್ದಂತೆ ರಂಪ ಶುರುಮಾಡುತ್ತಿದ್ದಳು. ನೆಲಕ್ಕೆ ಬಿದ್ದು ಒದ್ದಾಡಿ, ಉಸಿರು ಸಿಕ್ಕಿಕೊಳ್ಳುವಷ್ಟು ಅರಚುತ್ತಿದ್ದಳು. ಹಸಿವೆಂದು ಬಿಸ್ಕತ್ತು ಕೊಟ್ಟೆವು, ನಿದ್ದೆಯೆಂದು ಚಾಪೆ ಹಾಸಿದೆವು. ಕೊನೆಗೆ ಹಟವೆಂದು ಅತ್ತಿಗೆ ಎರಡೇಟು ಹಾಕಿದರು. ಮುದ್ದು ಹೆಚ್ಚಾಯಿತು ಎಂದು ನಾನೂ ಉರಿಯುವ ಬೆಂಕಿಗೆ ತುಪ್ಪ ಸುರಿದೆ.

ಒಂದು ಸಂಜೆ ಅವಳು ಇಸ್ತ್ರಿಯ ವೈರು ಹಿಡಿದು ಎಳೆದೇಬಿಟ್ಟಳು. ಕಾದ ಪೆಟ್ಟಿಗೆ ಅವಳ ಕಾಲಿನಿಂದ ಗೇಣು ದೂರದಲ್ಲಿ ಬಿತ್ತು. ಅತ್ತಿಗೆ ಅವಳನ್ನು ಹಿಂದಕ್ಕೆಳೆದರು. ಇನ್ನು ತಮ್ಮಿಂದಾಗದು, ಸೋಮವಾರದಿಂದ ಇವಳು ದೊಡ್ಡಮ್ಮನ ಊರಲ್ಲೇ ಇದ್ದು ಅಲ್ಲಿಯ ಶಾಲೆಗೆ ಹೋಗಲಿ ಎಂದರು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಸೇರಿಕೊಂಡು ಗುಂಡಿ ಬಿಕ್ಕುತ್ತಿದ್ದಳು.

ಅತ್ತಿಗೆ ಇಸ್ತ್ರಿಯ ಸ್ವಿಚ್ ಆರಿಸಿದರು. ಅಭ್ಯಾಸಬಲವೋ ಏನೋ, ಕೊರಳಿನ ಟೇಪು ತೆಗೆದರು. ಸ್ಟೂಲು ಬಿಟ್ಟು ನೆಲದ ಮೇಲೆ ಕೂತರು. ಬಿಕ್ಕಳಿಕೆ ಇಳಿಯುವವರೆಗೂ ಕಾದರು.

"ಏನಾಗ್ತಿದೆ ಪುಟ್ಟಾ, ಕೈಯಿಟ್ಟು ತೋರಿಸು" ಅಂದರು ಆಮೇಲೆ.

ಗುಂಡಿ ಹೊರಬಂದು ಇಸ್ತ್ರಿ ಮೇಜಿಗೆ ಬಿಗಿದ ಬಟ್ಟೆಯ ಮೇಲೆ ಕೈಯಿಟ್ಟಳು.

"ಅಜ್ಜಿಗೆ ಸುಡುತ್ತೆ."

ಅದು ನನ್ನ ಅಮ್ಮ ಹೊದೆಯುತ್ತಿದ್ದ ನೀಲಿ ಹೊದಿಕೆ. ಅಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಮೇಜಿನ ಹಳೆಯ ಬಟ್ಟೆ ಕರಕಲಾಯಿತೆಂದು, ಇಸ್ತ್ರಿಗೆ ತೊಳೆದು ತೊಳೆದು ಸವೆದ ಹತ್ತಿಬಟ್ಟೆಯೇ ಸರಿಯೆಂದು, ಮೂರು ವಾರದ ಹಿಂದೆ ಅತ್ತಿಗೆ ಅದನ್ನು ಮಡಿಸಿ ಹೊಲಿದಿದ್ದರು. ದರ್ಜಿಯ ಕಣ್ಣಿಗೆ ಬಟ್ಟೆ ಬಟ್ಟೆಯೇ. ಗುಂಡಿ ಅದೇ ಹೊದಿಕೆಯೊಳಗೆ ಅಜ್ಜಿಯ ಹೊಟ್ಟೆಗೆ ಅಂಟಿಕೊಂಡು ಮಲಗುತ್ತಿದ್ದವಳು. ನಾನಂತೂ ದಿನಾ ಅದನ್ನು ನೋಡುತ್ತಲೇ, ಕಂಡೂ ಕಾಣದವಳಂತೆ ಕಾಜಾ ಹೊಲಿಯುತ್ತಿದ್ದೆ.

ಬಟ್ಟೆಗೆಲ್ಲಾದರೂ ನೋವಾಗುತ್ತದೆಯೇ ಎಂದು ಅತ್ತಿಗೆ ಬುದ್ಧಿ ಹೇಳಲಿಲ್ಲ. "ನಂಗೆ ಗೊತ್ತಾಗ್ಲಿಲ್ಲ ಮಗಳೇ" ಅಂದರು. ಸಣ್ಣ ಕತ್ತರಿ ತಂದು ಹೊಲಿಗೆ ಬಿಚ್ಚತೊಡಗಿದರು. ಗುಂಡಿ ಪಕ್ಕದಲ್ಲಿ ಕೂತು ದಾರದ ತುಂಡುಗಳನ್ನು ಆರಿಸಿದಳು. ನಡುವೆ ಒಂದು ಕಂದು ಕಲೆ ಉಳಿದಿತ್ತು. ಅದರ ಮೇಲೆ ಬಾಯಿಟ್ಟು ಊದಿದಳು.

ದೊಡ್ಡಮ್ಮನ ಊರಿನ ಮಾತು ಮತ್ತೆ ಬರಲಿಲ್ಲ. ನನಗೆ ಮಾತ್ರ ಅಳು ತಡೆಯಲಾಗಲಿಲ್ಲ. ಅಂಗಡಿಯಿದೆ, ಗಿರಾಕಿಗಳಿದ್ದಾರೆ ಎಂದು ದೊಡ್ಡವರೆಲ್ಲ ಅಳುವುದನ್ನು ಮುಂದೂಡುತ್ತಲೇ ಬಂದಿದ್ದೆವು. ಆ ಮೂರು ತಿಂಗಳಲ್ಲಿ ನನ್ನ ಅಮ್ಮನಿಗಾಗಿ ಬಾಯಿಬಿಟ್ಟು ಅತ್ತವಳು ಅವಳೊಬ್ಬಳೇ. ಅವಳಿಗೆ ನಾವು ದಿನವೂ ಬಾಯಿ ಮುಚ್ಚು ಎನ್ನುತ್ತಿದ್ದೆವು.